ಕೋರ್ಟ್ ಕಟ್ಟೆ: ಟಿಸಿ ಕೊಡದ ಶಾಲೆ, ಸೀಟು ಕಾಣದ ವಾರ್ಡು

ಜೂನ್ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಮೀನು ಪಾಲಿನ ಜಗಳ ಕಡಿಮೆ, ಶಾಲೆಯ ಜಗಳ ಜಾಸ್ತಿ. ಈ ಸಲವೂ ಹಾಗೇ. ಬರೆದವರ ಹೆಸರು ಹಾಕಿಲ್ಲ. ಶಾಲೆ, ಕಂಪನಿಗಳ ಹೆಸರನ್ನೂ ತೆಗೆದಿದ್ದೇನೆ. ಒಂದು ಕಡೆಯ ಮಾತು ಮಾತ್ರ ಕೇಳಿ ಯಾರ ಹೆಸರನ್ನೂ ಅಚ್ಚು ಹಾಕಿಸಬಾರದು ಅನ್ನುವುದು ತಾಲ್ಲೂಕು ಕೋರ್ಟಿನಲ್ಲಿ ನನಗೆ ಅಂಟಿದ ಅಭ್ಯಾಸ.

ಪ್ರಶ್ನೆ: ನಾನು ಆಟೋ ಓಡಿಸುತ್ತೇನೆ. ಮಗಳು ಖಾಸಗಿ ಶಾಲೆಯಲ್ಲಿ 5ನೇ ಕ್ಲಾಸ್ ಮುಗಿಸಿದಳು. 18 ಸಾವಿರ ಫೀಸು ಬಾಕಿ ಇದೆ. ಸರ್ಕಾರಿ ಶಾಲೆಗೆ ಸೇರಿಸೋಣ ಅಂದರೆ ಬಾಕಿ ಕಟ್ಟುವ ತನಕ ಟಿಸಿ ಇಲ್ಲ ಅಂತಾರೆ. ಸರ್ಕಾರಿ ಶಾಲೆಯವರು ಮೊದಲು ಟಿಸಿ ತನ್ನಿ ಅಂತಾರೆ. ಮಗು ಮನೆಯಲ್ಲಿ ಕೂತಿದೆ.
– ಓದುಗರು, ರಾಣೆಬೆನ್ನೂರು

ಉತ್ತರ: ನಾಳೆ ಬೆಳಿಗ್ಗೆಯೇ ಮಗಳನ್ನು ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಆಮೇಲೆ ಬರಲಿ. ಇದು ನಾನು ಸುಮ್ನೆ ಧೈರ್ಯ ತುಂಬಲು ಹೇಳುತ್ತಿರುವುದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 5ನೇ ಕಲಮಿನಲ್ಲೇ ಇದೆ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವುದಾದರೆ ಹಳೇ ಶಾಲೆಯ ಮುಖ್ಯಸ್ಥರು ಕೂಡಲೇ ಟಿಸಿ ಕೊಡಬೇಕು. ಸತಾಯಿಸಿದರೆ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ನಿಮಗೆ ಇನ್ನೂ ಮುಖ್ಯವಾದ ಸಾಲು ಅಲ್ಲೇ ಇದೆ: ಟಿಸಿ ಬಂದಿಲ್ಲ ಅನ್ನುವ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ, ಇಲ್ಲ ಅನ್ನುವಂತೆಯೂ ಇಲ್ಲ.

ಹಾಗಾದರೆ ಸರ್ಕಾರಿ ಶಾಲೆಯ ಹೆಡ್ ಮಾಸ್ಟರ್ ಯಾಕೆ ಹಿಂಜರಿಯುತ್ತಾರೆ? ಸಾಮಾನ್ಯವಾಗಿ ಕೆಟ್ಟತನದಿಂದ ಅಲ್ಲ, ಕಂಪ್ಯೂಟರಿನ ಭಯದಿಂದ. ಮಗುವಿನ ಸ್ಯಾಟ್ಸ್ (ವಿದ್ಯಾರ್ಥಿಗಳ ಸರ್ಕಾರಿ ಆನ್‌ಲೈನ್ ಪಟ್ಟಿ) ದಾಖಲೆ ಹಳೇ ಶಾಲೆಯ ಲಾಗಿನ್‌ನಲ್ಲಿ ಇರುತ್ತದೆ. ಅಲ್ಲಿಂದ ಬಿಡದಿದ್ದರೆ ಇಲ್ಲಿಯ ಪಟ್ಟಿಗೆ ಹೆಸರು ಬರುವುದಿಲ್ಲ. ಖಾಸಗಿ ಶಾಲೆಯವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಅರ್ಜಿ ಕೊಡಿ. ಒಂದು ಪುಟ ಸಾಕು: ಮಗುವಿನ ಹೆಸರು, ಸ್ಯಾಟ್ಸ್ ನಂಬರ್, ಟಿಸಿ ಕೇಳಿದ ತಾರೀಕು, 5ನೇ ಕಲಮು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ನೀವು ಹೋಗಿಯೇ ಇಲ್ಲ ಅಂತ ಲೆಕ್ಕ. ಅಲ್ಲೂ ಕೆಲಸ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಅದಕ್ಕೆ ವಕೀಲರೂ ಬೇಡ, ಕೋರ್ಟ್ ಫೀಯೂ ಬೇಡ.

ನಿಮ್ಮ 18 ಸಾವಿರ ಮನ್ನಾ ಆಯಿತು ಅಂತ ತಿಳಿಯಬೇಡಿ. ಅದನ್ನು ವಸೂಲಿ ಮಾಡಲು ಶಾಲೆ ನಿಮ್ಮ ಮೇಲೆ ದಾವೆ ಹಾಕಬಹುದು. ಆದರೆ ಸಾಲ ಅಪ್ಪನದು, ಟಿಸಿ ಮಗುವಿನದು. ಶಾಲೆಯವರು ದಾವೆ ಹಾಕದೆ ಟಿಸಿ ಹಿಡಿದು ಕೂರುವುದು ಏಕೆಂದರೆ ದಾವೆಗೆ ವರ್ಷಗಟ್ಟಲೆ ಬೇಕು, ಟಿಸಿ ಹಿಡಿದರೆ ಅಪ್ಪ ಹದಿನೈದು ದಿನದಲ್ಲಿ ಬಡ್ಡಿಗೆ ಸಾಲ ತಂದು ಕಟ್ಟುತ್ತಾನೆ. ನನ್ನ ಹತ್ತಿರ ಬಂದ ಇಂಥ ಕೇಸುಗಳಲ್ಲಿ ಹೆಚ್ಚಿನವು ಹೀಗೇ ಮುಗಿದವು. ಕಾನೂನು ಅಪ್ಪನ ಕಡೆಗಿತ್ತು, ಕಾಯುವ ಶಕ್ತಿ ಶಾಲೆಯ ಕಡೆಗಿತ್ತು. ಇನ್ನೊಂದು ಮಾತು, ಈ ಕಾಯ್ದೆ 8ನೇ ತರಗತಿ ತನಕ ಮಾತ್ರ. ದೊಡ್ಡ ಮಗ 9ರಲ್ಲೋ 10ರಲ್ಲೋ ಇದ್ದರೆ ಬೇರೆ ಪತ್ರ ಬರೆಯಿರಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಕ್ಕನ ಮಗ 2016ರಲ್ಲಿ ಆರ್‌ಟಿಇ ಸೀಟಿನಲ್ಲಿ ದೊಡ್ಡ ಇಂಗ್ಲಿಷ್ ಶಾಲೆ ಸೇರಿದ, ಚೆನ್ನಾಗಿ ಓದ್ತಿದ್ದಾನೆ. ನನ್ನ ಮಗನಿಗೆ ಅರ್ಜಿ ಹಾಕಲು ಹೋದರೆ ಸೈಬರ್ ಸೆಂಟರ್‌ನವರು ‘ನಿಮ್ಮ ವಾರ್ಡಿನಲ್ಲಿ ಒಂದು ಶಾಲೆಯೂ ತೋರಿಸ್ತಿಲ್ಲ’ ಅಂದರು. ಕಾನೂನು ತೆಗೆದುಬಿಟ್ಟರಾ ಮೇಡಂ?
– ಓದುಗರು, ರಾಮನಗರ

ಉತ್ತರ: ಕಾನೂನು ಇದ್ದ ಹಾಗೇ ಇದೆ ಅಮ್ಮಾ. ಅದರ ಕೆಳಗಿನ ನಿಯಮ ಬದಲಾಯಿತು. ಸ್ವಲ್ಪ ಉದ್ದ ಹೇಳಬೇಕು, ಏಕೆಂದರೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 12ನೇ ಕಲಮಿನಲ್ಲಿ ಒಂದು ಮಾತಿದೆ. ಖಾಸಗಿ ಶಾಲೆಗಳು ಒಂದನೇ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇ 25ನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು, 8ನೇ ತರಗತಿ ತನಕ ಉಚಿತವಾಗಿ ಓದಿಸಬೇಕು, ಖರ್ಚನ್ನು ಸರ್ಕಾರ ನಿಗದಿಯಾದ ದರದಲ್ಲಿ ಶಾಲೆಗೆ ಕೊಡಬೇಕು. ಖಾಸಗಿ ಶಾಲೆಗಳು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವು. 2012ರ ಏಪ್ರಿಲ್‌ನಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಅನುದಾನ ಪಡೆಯದ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮಾತ್ರ ಹೊರಗಿಟ್ಟಿತು. ನಿಮ್ಮ ಅಕ್ಕನ ಮಗನಿಗೆ ಸಿಕ್ಕಿದ್ದು ಆ ಸೀಟು.

2019ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಅಂದಿತು. ಸರ್ಕಾರಿ ಶಾಲೆ ಇಲ್ಲದ ವಾರ್ಡು, ಹಳ್ಳಿ ಎಲ್ಲಿದೆ ಹೇಳಿ? ಒಂದು ವಾಕ್ಯದಲ್ಲಿ ಹೆಚ್ಚುಕಡಿಮೆ ಎಲ್ಲ ಸೀಟೂ ಹೋಯಿತು. ಪೋಷಕರ ಪರವಾಗಿ ಹೈಕೋರ್ಟಿಗೆ ಹೋದವರಿದ್ದರು. 2019ರ ಮೇ 31ರಂದು ಹೈಕೋರ್ಟ್ ತಿದ್ದುಪಡಿ ಸರಿ ಅಂದಿತು. ಮಹಾರಾಷ್ಟ್ರ ಸರ್ಕಾರವೂ 2024ರ ಫೆಬ್ರುವರಿಯಲ್ಲಿ ಇಂಥದ್ದೇ ನಿಯಮ ತಂದಿತು. ಅಲ್ಲಿ ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಒಂದೇ ಕೇಂದ್ರ ಕಾಯ್ದೆ. ಪುಣೆಯ ಟೈಲರಮ್ಮನ ಮಗನಿಗೆ ಸೀಟಿದೆ, ರಾಮನಗರದ ಟೈಲರಮ್ಮನ ಮಗನಿಗೆ ಇಲ್ಲ.

ಸರ್ಕಾರದ ವಾದ ಏನು? ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ನಾವೇ ನೂರಾರು ಕೋಟಿ ಖಾಸಗಿಯವರಿಗೆ ಕೊಟ್ಟು ಮಕ್ಕಳನ್ನು ಅಲ್ಲಿಗೆ ಕಳಿಸುವುದು ಯಾವ ನ್ಯಾಯ ಅಂತ. ಈ ವಾದ ಸುಳ್ಳಲ್ಲ. ನಾನೂ ಸರ್ಕಾರಿ ಶಾಲೆಯಲ್ಲಿ ಓದಿದವಳು, ಅರ್ಧ ಒಪ್ಪುತ್ತೇನೆ. ಒಪ್ಪದ ಅರ್ಧ ಯಾವುದೆಂದರೆ, ಈ ಸೀಟುಗಳಿಗೆ ಬೀಗ ಹಾಕುವಾಗ ತೋರಿಸಿದ ಅವಸರವನ್ನು ಸರ್ಕಾರಿ ಶಾಲೆಯ ಖಾಲಿ ಹುದ್ದೆ ತುಂಬುವಾಗ ತೋರಿಸಲಿಲ್ಲ. ನಷ್ಟ ಆದದ್ದು ಯಾರಿಗೆ ನೋಡಿ. ದೊಡ್ಡ ಶಾಲೆಗೆ ಆಗಲಿಲ್ಲ, ಆ ಸೀಟಿಗೆ ಪೂರ್ತಿ ಫೀಸು ಕೊಡುವವರು ಸಾಲಿನಲ್ಲಿ ನಿಂತಿದ್ದರು. ಬಡಾವಣೆಯ ಎರಡು ಅಂತಸ್ತಿನ ಸಣ್ಣ ಶಾಲೆಗಳಿಗೆ ಹೊಡೆತ ಬಿತ್ತು, ಅವು ಆರ್‌ಟಿಇ ದುಡ್ಡನ್ನೇ ನಂಬಿದ್ದವು. ಮತ್ತೆ ನಿಮಗೆ. ಶ್ರೀಮಂತರ ಮಗು ಮತ್ತು ನಿಮ್ಮ ಮಗು ಒಂದೇ ಬೆಂಚಿನಲ್ಲಿ ಕೂರುವ ಒಂದು ದಾರಿ ಇತ್ತು, ಅದು ಮುಚ್ಚಿತು. ಸರ್ಕಾರಿ ಶಾಲೆ ಎಷ್ಟೇ ಚೆನ್ನಾದರೂ ಆ ಬೆಂಚು ಅಲ್ಲಿಗೆ ಬರುವುದಿಲ್ಲ, ಏಕೆಂದರೆ ಆ ಇನ್ನೊಂದು ಮಗು ಅಲ್ಲಿಗೆ ಬರುವುದಿಲ್ಲ.

ಈಗ ಮಾಡಬೇಕಾದ್ದು. ಒಂದು ಸಲ ಬಿಇಒ ಕಚೇರಿಯಲ್ಲೇ ಹೋಗಿ ನಿಮ್ಮ ವಾರ್ಡಿನ ಪಟ್ಟಿ ನೋಡಿ, ಸೈಬರ್ ಸೆಂಟರ್ ಮಾತನ್ನೇ ಕೊನೆ ಅಂದುಕೊಳ್ಳಬೇಡಿ. ಹತ್ತಿರ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಅಲ್ಲಿ ಕೇಳಿ. ಮಗ 5ನೇ ತರಗತಿಗೆ ಬಂದ ವರ್ಷ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯ ಮೂರಕ್ಕೂ ಪರೀಕ್ಷೆ ಬರೆಸಿ. ಎಲ್ಲಕ್ಕಿಂತ ಮೊದಲು, ಸೇರಿಸಿದ ಶಾಲೆಯ ಅಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ನಿಲ್ಲಿ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ದಿನಾ ಟಾರ್ಗೆಟ್ ವಿಷಯಕ್ಕೆ ಸೂಪರ್‌ವೈಸರ್ ಜೊತೆ ಗುದ್ದಾಡುವ ಹೆಂಗಸರು ಅಲ್ಲಿ ಬಂದು ಕೂತರೆ ಸಭೆ ಬೇರೆ ಥರ ನಡೆಯುತ್ತದೆ, ನಾನು ನೋಡಿದ್ದೇನೆ. ‘ಗಣಿತದ ಮೇಷ್ಟ್ರು ಯಾವಾಗ ಬರ್ತಾರೆ’ ಅನ್ನುವ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.

ಪ್ರಶ್ನೆ: ನಮ್ಮ ಹಳ್ಳಿ ಶಾಲೆಗೆ ಒಂದು ಕಂಪನಿ ಸಿಎಸ್‌ಆರ್ ಹಣದಲ್ಲಿ ಸ್ಮಾರ್ಟ್ ಟಿವಿ ಕೊಟ್ಟಿತು. ಶಾಲೆಯಲ್ಲಿ ಕರೆಂಟು ಸರಿಯಿಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ. ಫೋಟೋಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಈಗ ಕಾಂಪೌಂಡ್ ತುಂಬ ಅವರ ಹೆಸರು ಬರೆಸಬೇಕಂತೆ. ದಾನ ಕೊಟ್ಟವರಿಗೆ ಇಲ್ಲ ಅನ್ನೋದು ಹೇಗೆ?
– ಶಿಕ್ಷಕರು, ಚಳ್ಳಕೆರೆ ತಾಲ್ಲೂಕು

ಉತ್ತರ: ದಾನ ಅಲ್ಲ ಮೇಷ್ಟ್ರೇ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು, ಅದೇ ಸಿಎಸ್‌ಆರ್. ಥ್ಯಾಂಕ್ಸ್ ಹೇಳಿ, ಒಂದು ಸಣ್ಣ ಬೋರ್ಡ್ ಸಾಕು ಅನ್ನಿ. ಎಸ್‌ಡಿಎಂಸಿ ಠರಾವು ಮಾಡಿ ನಿಮಗೆ ಬೇಕಾದ್ದರ ಪಟ್ಟಿ ಕಳಿಸಿ. ಮೊದಲ ಸಾಲು ಬಾಗಿಲು, ಎರಡನೇದು ವೈರಿಂಗ್. ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವುದು ಯಾವ ಕಾಯ್ದೆಯಲ್ಲೂ ಇಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿದೆ. ಸಂಬಳ 22 ಸಾವಿರ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ 2 ಲಕ್ಷ ಅಂತ ಬಾಂಡ್ ಬರೆಸಿಕೊಂಡರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಬೇರೆ ಕೆಲಸ ಸಿಕ್ಕಿದೆ. ‘ಸುಪ್ರೀಂ ಕೋರ್ಟೇ ಬಾಂಡ್ ಸರಿ ಅಂದಿದೆ’ ಅಂತ ಎಚ್‌ಆರ್ ಹೆದರಿಸುತ್ತಿದ್ದಾರೆ. ನಿಜವಾ?
– ಓದುಗ, ಹಾಸನ

ಉತ್ತರ: ಅರ್ಧ ನಿಜ ತಮ್ಮಾ. ಆ ಅರ್ಧ ಯಾವುದು ಅಂತ ತಿಳಿದುಕೋ.

2025ರ ಮೇ ತಿಂಗಳಲ್ಲಿ ಅಂಥ ತೀರ್ಪು ಬಂದಿದೆ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕೇಸು. ಒಬ್ಬ ಅಧಿಕಾರಿ ಮೂರು ವರ್ಷ ಮುಗಿಯುವ ಮೊದಲೇ 2009ರಲ್ಲಿ ಕೆಲಸ ಬಿಟ್ಟರು, 2 ಲಕ್ಷ ಕಟ್ಟಿ, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡ್ ಸರಿ ಅಂದಿತು. ಅಷ್ಟರಲ್ಲಿ ಆ ಬ್ಯಾಂಕೇ ಇರಲಿಲ್ಲ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು. ಕೇಸು ಮಾತ್ರ ಉಳಿದಿತ್ತು.

ಕೋರ್ಟ್ ಕೊಟ್ಟ ಕಾರಣಗಳನ್ನು ಎಚ್‌ಆರ್‌ನವರು ಓದಿರಲಾರರು. ಅದು ಸರ್ಕಾರಿ ಬ್ಯಾಂಕ್. ಮನಸ್ಸಿಗೆ ಬಂದವರನ್ನು ಕರೆದು ಕೆಲಸ ಕೊಡುವಂತಿಲ್ಲ, ಜಾಹೀರಾತು, ಪರೀಕ್ಷೆ, ಸಂದರ್ಶನ ಎಲ್ಲ ಮಾಡಬೇಕು. ಒಬ್ಬರು ಮಧ್ಯದಲ್ಲಿ ಬಿಟ್ಟರೆ ಮತ್ತೆ ಅಷ್ಟೂ ಖರ್ಚು. ಬಿಟ್ಟವರು ಒಳ್ಳೇ ಸಂಬಳದ ಹಿರಿಯ ಮ್ಯಾನೇಜರ್, ಅವರಿಗೆ 2 ಲಕ್ಷ ತೀರಾ ಹೊರೆಯಲ್ಲ. ನಿನಗೆ ಅದು ಒಂಬತ್ತು ತಿಂಗಳ ಸಂಬಳ. ಅದೇ ತೀರ್ಪಿನಲ್ಲಿ ಕೋರ್ಟ್ ಸಿದ್ಧ ನಮೂನೆಯ ಕರಾರುಗಳ ಬಗ್ಗೆಯೂ ಮಾತಾಡಿದೆ. ಬಲವಿದ್ದವರು ಬರೆದು ತಂದು ‘ಇಲ್ಲಿ ಸಹಿ ಮಾಡು’ ಅನ್ನುವ ಕರಾರಿನ ಷರತ್ತು ಅನ್ಯಾಯದ್ದಾಗಿದ್ದರೆ ನಿಲ್ಲುವುದಿಲ್ಲ ಅಂತ 1986ರಲ್ಲೇ ಬ್ರೋಜೋನಾಥ್ ಗಂಗೂಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೂ ಸರ್ಕಾರಿ ಕಂಪನಿಯ ಕೇಸೇ. ನನಗೆ ಬೇಸರ ಇರುವುದು ಇಲ್ಲೇ. ದೊಡ್ಡ ತೀರ್ಪುಗಳೆಲ್ಲ ಸರ್ಕಾರಿ ಸಂಸ್ಥೆಗಳ ವಿಷಯದಲ್ಲಿ ಬರುತ್ತವೆ, ಖಾಸಗಿ ಕಂಪನಿಯ ಹುಡುಗ ಹುಡುಗಿಯರು ಅಲ್ಲಿ ತನಕ ಹೋಗುವುದೇ ಇಲ್ಲ. 2 ಲಕ್ಷಕ್ಕೆ ಯಾರು ಡೆಲ್ಲಿ ವಕೀಲರನ್ನು ಹಿಡಿಯುತ್ತಾರೆ?

ಈಗ ನಿನ್ನ ಲೆಕ್ಕ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಕೋರ್ಟ್ ಕೊಡಿಸುವುದು ಆ ಮಿತಿಯ ಒಳಗೆ ನ್ಯಾಯವಾದ ಪರಿಹಾರ. ನಿನಗೆ ಏನು ಟ್ರೈನಿಂಗ್ ಕೊಟ್ಟರು, ಎಷ್ಟು ಖರ್ಚಾಯಿತು ಅಂತ ಇಮೇಲ್‌ನಲ್ಲಿ ಕೇಳು. ಯೂಟ್ಯೂಬ್ ನೋಡಿ ಕಲಿ ಅಂದಿದ್ದರೆ ಅದನ್ನೂ ಬರೆ. ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟುಕೊಳ್ಳಲು ಕಂಪನಿಗೆ ಯಾವ ಅಧಿಕಾರವೂ ಇಲ್ಲ. ವಾಪಸ್ ಕೊಡಿ ಅಂತ ಇಮೇಲ್ ಮಾಡು, ಏಳು ದಿನದಲ್ಲಿ ಕೊಡದಿದ್ದರೆ ವಕೀಲರ ನೋಟಿಸ್ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ನೋಟಿಸ್ ಪೀರಿಯಡ್ ಮಾತ್ರ ಪೂರ್ತಿ ಮುಗಿಸು, ರಾತ್ರೋರಾತ್ರಿ ಬಿಟ್ಟು ಬರಬೇಡ. ಬಾಂಡ್ ವಿಷಯದಲ್ಲಿ ಕಂಪನಿಯ ನೋಟಿಸ್ ಹಿಡಿದು ನನ್ನ ಹತ್ತಿರ ಬಂದ ಮಕ್ಕಳು ಬೇಕಾದಷ್ಟಿದ್ದಾರೆ, ಕೋರ್ಟಿನ ಸಮನ್ಸ್ ಹಿಡಿದು ಬಂದವರು ಅಪರೂಪ. ಹಾಗಂತ ಕಂಪನಿ ದಾವೆ ಹಾಕುವುದೇ ಇಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ.

ಪ್ರಶ್ನೆ: ಫುಡ್ ಡೆಲಿವರಿ ಮಾಡುತ್ತಿದ್ದೆ. ಕಾರಣ ಹೇಳದೆ ಐಡಿ ಬ್ಲಾಕ್ ಮಾಡಿದರು. ಆ್ಯಪ್‌ನಲ್ಲಿ ಮಾತಾಡಲು ಮನುಷ್ಯರೇ ಇಲ್ಲ.
– ಓದುಗ, ಬೆಂಗಳೂರು

ಉತ್ತರ: 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರ, ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿದೆ. ರಾಜಸ್ಥಾನ 2023ರಲ್ಲಿ ಮಾಡಿತ್ತು, ಆಮೇಲೆ ನಾವು. ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ ಅಂತ ಅದರಲ್ಲಿದೆ. ದೂರು ಕೇಳುವ ವ್ಯವಸ್ಥೆ ಇರಬೇಕು ಅಂತಲೂ ಇದೆ. ಬ್ಲಾಕ್ ಆದ ಸ್ಕ್ರೀನ್‌ಶಾಟ್, ಕೊನೆಯ ತಿಂಗಳ ಪಾವತಿ, ರೇಟಿಂಗ್ ಎಲ್ಲ ಸೇವ್ ಮಾಡಿ ಕಾರ್ಮಿಕ ಇಲಾಖೆಗೆ ಬರಹದಲ್ಲಿ ಕೊಡಿ. ಒಬ್ಬರೇ ಹೋಗಬೇಡಿ, ನಿಮ್ಮ ಏರಿಯಾದ ಯೂನಿಯನ್‌ನವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನೀವು ಯಾವಾಗಲೂ ಖಾಸಗಿ ಶಾಲೆಗಳನ್ನೇ ಬೈಯುತ್ತೀರಿ. ನಾವು ತೆರಿಗೆ ಕಟ್ಟುತ್ತೇವೆ, ದುಡ್ಡು ಕೊಟ್ಟು ಒಳ್ಳೆಯ ಶಿಕ್ಷಣ ಕೊಳ್ಳುತ್ತೇವೆ. ಇದರಲ್ಲಿ ತಪ್ಪೇನು? ವ್ಯಾಪಾರಕ್ಕೆ ಸರ್ಕಾರ ಯಾಕೆ ಅಡ್ಡ ಬರಬೇಕು?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಸರ್, ನೀವು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಅದು ವ್ಯಾಪಾರ ಅಂತ ನೀವು ಹೇಳಬಹುದೇ ಹೊರತು ಶಾಲೆಯವರು ಕೋರ್ಟಿನಲ್ಲಿ ಹೇಳಲಾರರು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ 11 ನ್ಯಾಯಮೂರ್ತಿಗಳು ಕೂತು ತೀರ್ಪು ಕೊಟ್ಟರು. ಫೀಸು ನಿಗದಿ ಮಾಡುವ ಸ್ವಾತಂತ್ರ್ಯ ಖಾಸಗಿಯವರಿಗೆ ಇದೆ, ಸಂಸ್ಥೆ ಬೆಳೆಸಲು ಬೇಕಾದಷ್ಟು ಹಣ ಉಳಿಸಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ (ಸೀಟು ಕೊಡಲು ಫೀಸಿನ ಮೇಲೆ ವಸೂಲಿ ಮಾಡುವ ಹಣ) ಇಲ್ಲ. ಟ್ರಸ್ಟ್ ಅಂತ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುತ್ತಾರೆ. ಬೆಂಗಳೂರಿನಲ್ಲಿ ಬಿಡಿಎ ಎಷ್ಟೋ ಸಂಸ್ಥೆಗಳಿಗೆ ಸಿಎ ಸೈಟುಗಳನ್ನು (ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಗುತ್ತಿಗೆಗೆ ಕೊಟ್ಟಿದೆ. ತೆರಿಗೆ ಬಿಟ್ಟದ್ದು, ಜಾಗ ಕೊಟ್ಟದ್ದು ಊರಿನ ಜನ. ಅವರಿಗೆ ಲೆಕ್ಕ ಕೇಳುವ ಹಕ್ಕಿಲ್ಲವಾ?

ಒಂದು ಹಳೇ ಕೇಸು ನೆನಪಿಸುತ್ತೇನೆ, ನನಗೆ ಬಹಳ ಇಷ್ಟದ್ದು. ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಫೀ ನಿಷೇಧಿಸುವ ಕಾಯ್ದೆ ಮಾಡಿತು. ಅದೇ ಕಾಯ್ದೆಯ ಕೆಳಗೆ 1989ರಲ್ಲಿ ಒಂದು ಅಧಿಸೂಚನೆ ಹೊರಡಿಸಿ ಖಾಸಗಿ ಮೆಡಿಕಲ್ ಕಾಲೇಜುಗಳ ಫೀಸು ಗೊತ್ತು ಮಾಡಿತು. ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2,000, ಬೇರೆ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್‌ನ ಮೋಹಿನಿ ಜೈನ್ ಅನ್ನುವ ಹುಡುಗಿಗೆ ತುಮಕೂರಿನ ಕಾಲೇಜಿನಲ್ಲಿ ಸೀಟು ಬಂತು. 60,000 ಕೊಡಲು ಅಪ್ಪನಿಗೆ ಆಗಲಿಲ್ಲ. ಆಕೆ ಸೀದಾ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ಇಬ್ಬರು ನ್ಯಾಯಮೂರ್ತಿಗಳು ಹೇಳಿದರು: ಇದು ಫೀಸಲ್ಲ, ಕ್ಯಾಪಿಟೇಶನ್ನೇ. ಶಿಕ್ಷಣದ ಹಕ್ಕು ಬದುಕುವ ಹಕ್ಕಿನಲ್ಲೇ ಸೇರಿದೆ. ಮುಂದಿನ ವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳು ಅದನ್ನು ಕತ್ತರಿಸಿ 14 ವರ್ಷದ ತನಕ ಅಂತ ಮಾಡಿದರು. ಅದೇ 2002ರಲ್ಲಿ ಸಂವಿಧಾನದ 21ಎ ವಿಧಿ ಆಯಿತು, 2009ರಲ್ಲಿ ಕಾಯ್ದೆ ಆಯಿತು. ಮೇಲೆ ಆಟೋ ಓಡಿಸುವವರಿಗೆ ನಾನು ತೋರಿಸಿದ 5ನೇ ಕಲಮಿನ ಬೇರು ಹುಡುಕುತ್ತಾ ಹೋದರೆ ತುಮಕೂರಿನ ಒಂದು ಫೀಸು ಪಟ್ಟಿ ಸಿಗುತ್ತದೆ.

ನಿಮಗೆ ಸಮಾಧಾನ ಆಗುವ ಸುದ್ದಿಯನ್ನೂ ಹೇಳುತ್ತೇನೆ. 2023ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಅನುದಾನರಹಿತ ಖಾಸಗಿ ಶಾಲೆಗಳ ಫೀಸು ನಿಯಂತ್ರಿಸುವ ರಾಜ್ಯದ ಕಲಮನ್ನು ರದ್ದು ಮಾಡಿತು. ನಿಮ್ಮ ವಾದಕ್ಕೆ ವಕೀಲರ ಕೊರತೆ ಇಲ್ಲ ಸರ್. ಅದಕ್ಕೇ ನಾನು ಈ ಕಡೆ ನಿಂತಿದ್ದೇನೆ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತೇನೆ. ಒಂದು ಮನೆಯವರು ಬಳೆ ಕಳೆದಿದೆ ಅಂತ ನನ್ನ ಮೇಲೆ ಹೇಳಿದರು. ಗೇಟಿನಲ್ಲಿ ಬಿಡುತ್ತಿಲ್ಲ, ನಾಲ್ಕೂ ಕೆಲಸ ಹೋಯಿತು. ಒಂದು ತಿಂಗಳ ಸಂಬಳ ಕೊಟ್ಟಿಲ್ಲ. ಸ್ಟೇಷನ್‌ನಿಂದ ಫೋನ್ ಬರುತ್ತದೆ, ಸಂಜೆ ಬಾ ಅಂತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲ. (ಮಗಳ ಕೈಲಿ ಬರೆಸಿದ್ದೇನೆ.)
– ಬೆಂಗಳೂರು

ಉತ್ತರ: ತಾಯಿ, ವಕೀಲರಿಗೆ ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಅಥವಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಆಧಾರ್ ತೆಗೆದುಕೊಂಡು ಹೋಗಿ. ಕೊಟ್ಟ ವಕೀಲರು ಫೋನ್ ಎತ್ತದಿದ್ದರೆ ಬದಲಿಸಿ ಕೊಡಿ ಅಂತ ಕೇಳಿ. ಹಾಗೆ ಕೇಳುವುದರಲ್ಲಿ ಸಂಕೋಚ ಬೇಡ. ನಮ್ಮವರಲ್ಲೂ ಫೋನ್ ಎತ್ತದವರಿದ್ದಾರೆ.

ಕಳ್ಳತನದ ಆರೋಪಕ್ಕೆ, ಕೆಲಸದವರು ಮಾಡಿದ್ದು ಅಂದರೂ, ಗರಿಷ್ಠ ಶಿಕ್ಷೆ 7 ವರ್ಷ. ಅಂಥ ಕೇಸಿನಲ್ಲಿ ಪೊಲೀಸರು ಸುಮ್ನೆ ಬಂಧಿಸುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆದಿಡಬೇಕು. ಬಂಧನ ಬೇಡ ಅಂದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿ ಲಿಖಿತ ನೋಟಿಸ್ ಕೊಟ್ಟು ಕರೆಯಬೇಕು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸಬೇಕಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು, ಅದೂ ಅಪರೂಪದ ಸಂದರ್ಭದಲ್ಲಿ.

ಸಂಬಳದ ವಿಷಯ ಬೇರೆ. ಬಳೆಯ ಆರೋಪ ಇದೆ ಅಂತ ದುಡಿದ ಕೂಲಿ ಹಿಡಿಯುವಂತಿಲ್ಲ. ಮನೆಗೆಲಸವನ್ನು ಕರ್ನಾಟಕ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದೆ. ನಾಲ್ಕೂ ಮನೆಯ ನಂಬರ್, ಎಷ್ಟು ವರ್ಷದಿಂದ ಕೆಲಸ, ತಿಂಗಳಿಗೆ ಎಷ್ಟು, ಕೊನೆಗೆ ಕೊಟ್ಟದ್ದು ಯಾವಾಗ, ಎಲ್ಲ ಮಗಳ ಕೈಲಿ ಒಂದು ನೋಟ್‌ಬುಕ್‌ನಲ್ಲಿ ಬರೆಸಿಡಿ. ಫೋನ್‌ಪೇನಲ್ಲಿ ಹಾಕುತ್ತಿದ್ದರೆ ಆ ವಿವರ ತೆಗೆಸಿ. ಗೇಟಿನಲ್ಲಿ ನಿಮ್ಮ ಪ್ರವೇಶ ತಡೆದವರು ಯಾರು, ಯಾವ ತಾರೀಕು, ಅದೂ ಇರಲಿ.

ಸ್ಟೇಷನ್‌ನಿಂದ ಮತ್ತೆ ಫೋನ್ ಬಂದರೆ ಜಗಳ ಬೇಡ, ಅಳುವುದೂ ಬೇಡ. ‘ನೋಟಿಸ್ ಕೊಡಿ ಸರ್, ಬೆಳಿಗ್ಗೆ ವಕೀಲರ ಜೊತೆ ಬರ್ತೀನಿ’ ಅಷ್ಟೇ ಹೇಳಿ. ಬಿಳಿ ಹಾಳೆ ಮೇಲೆ ಸಹಿ ಮಾತ್ರ ಹಾಕಬೇಡಿ.